ದೇಜಪ್ಪ ನಿಂತ ಜಾಮೀನು

ದೇಜಪ್ಪನ ಹೆಸರು ಮೊದಲು ಸದ್ದು ಮಾಡಿದ್ದು ಮರಾಠಿ ನಾಡಿನ ಕಲ್ಯಾಣದಲ್ಲಿ, ಒಂದು ಬಕೆಟ್ ಸಾಂಬಾರಿನಿಂದ. ಆಗಿನ್ನೂ ಅವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಉಡುಪಿ ಕಡೆಯ ಶಿರ್ವದಿಂದ ಬಂದು, ಸ್ಟೇಷನ್ ಪಕ್ಕದ ಶಾಕಾಹಾರಿ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ. ಹಫ್ತಾ ವಸೂಲಿಗೆ ಬಂದವನೊಬ್ಬ ಗಲ್ಲಾದಲ್ಲಿ ಕೂತಿದ್ದ ಮುದಿ ಧಣಿಯ ಕೆನ್ನೆಗೆ ಬಾರಿಸಿದ. ದೇಜಪ್ಪ ಒಳಗೆ ಹೋಗಿ, ಒಲೆಯಿಂದ ಆಗಷ್ಟೇ ಇಳಿಸಿದ್ದ ಸಾಂಬಾರನ್ನು ತಂದು ಅವನ ತಲೆಯ ಮೇಲೆ ಸುರಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ಸಿಟ್ಟು ಎನ್ನಬಹುದಿತ್ತು. ನೆಲದಲ್ಲಿ ಹೊರಳುತ್ತಿದ್ದವನ ಎದೆಯ ಮೇಲೆ ಕೂತು ಖಾಲಿ ಬಕೆಟಿನಿಂದಲೇ ಮುಖ ಮೂತಿ ನೋಡದೆ ಚಚ್ಚಿದ. ಹೋಟೆಲಿನವರು ಇವತ್ತಿಗೂ ಈ ಕಥೆಯನ್ನು ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ. ಆ ಮನುಷ್ಯನ ಒಂದು ಕಣ್ಣು ಹೋಯಿತು ಎಂಬುದನ್ನು ಮಾತ್ರ ಜಾಣತನದಿಂದ ಬಿಡುತ್ತಾರೆ.

ಆಮೇಲೆ ದೇಜಪ್ಪನಿಗೆ ಎಂಥ ಮರ್ಯಾದೆ! ಊರಿನಿಂದ ಹೊಸದಾಗಿ ಬಂದವನಿಗೆ ಹೋಟೆಲು ನಡೆಸಲು ಕೊಡಬೇಕು, ಅಡುಗೆಯವನಿಗೆ ಮುಂಗಡ ಕೊಡಬೇಕು, ಅವನು ಕೈಕೊಟ್ಟರೆ ಯಾರು ಗತಿ? ಆಗೆಲ್ಲ ಕೇಳುತ್ತಿದ್ದುದು ಒಂದೇ ಮಾತು, ದೇಜಪ್ಪಣ್ಣ ಜಾಮೀನು ನಿಲ್ಲುತ್ತಾರಾ ಎಂದು. ನಿಲ್ಲುವುದಕ್ಕೂ ಅವರಲ್ಲಿ ಒಂದು ಪದ್ಧತಿ ಬೆಳೆದಿತ್ತು. ಗಲ್ಲಾದ ಮೇಲೆ ಒಂದೇ ಲೋಟ ಕಾಫಿ ತರಿಸುವುದು, ಅರ್ಧವನ್ನು ಬಟ್ಟಲಿಗೆ ಬಗ್ಗಿಸಿ ತಾನು ಯಾರಿಗಾಗಿ ನಿಲ್ಲುತ್ತಾನೋ ಅವನಿಗೆ ಕೊಡುವುದು, ಇಬ್ಬರೂ ಒಟ್ಟಿಗೆ ಕುಡಿಯುವುದು. ಕಾಫಿ ಗಂಟಲಿಳಿದ ಮೇಲೆ ಷರತ್ತು ಗಿರತ್ತು ಎತ್ತುವಂತಿಲ್ಲ. ಎತ್ತಿದರೆ ನಿಂತವನಿಗೆ ಅವಮಾನ.

ಹೀಗೆ ಕಾಫಿ ಕುಡಿದ ಒಬ್ಬ ಅಡುಗೆಯವನು ಠಾಣೆ ಪಟ್ಟಣದ ಹೋಟೆಲೊಂದರಿಂದ ಮುಂಗಡ ತೆಗೆದುಕೊಂಡು ಉಲ್ಹಾಸನಗರದ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಅಡಗಿ ಕೂತ. ದೇಜಪ್ಪ ಹುಡುಕಿಕೊಂಡು ಹೋಗಿ, ಕಿವಿ ಹಿಡಿದು ಮೆಟ್ಟಿಲಿನಿಂದ ದರದರನೆ ಎಳೆದುಕೊಂಡು ಬಂದ. ಅರ್ಧ ದಾರಿಯಲ್ಲಿ ಕಿವಿ ಹರಿಯಿತು. ಹೊಲಿಗೆ ಹಾಕಿಸಿ, ರಕ್ತದ ಬನಿಯನ್ನಿನಲ್ಲೇ ಸಂಜೆ ಅವನನ್ನು ದೋಸೆ ಕಾವಲಿಯ ಮುಂದೆ ನಿಲ್ಲಿಸಿದ. ಜಾಮೀನು ಎಂದರೆ ದೇಜಪ್ಪನ ಮಟ್ಟಿಗೆ ಇಷ್ಟೇ. ತಾನು ನಿಂತವನು ಓಡಬಾರದು, ಓಡಿದರೆ ತಾನೇ ಎಳೆದು ತರಬೇಕು.

ಡೊಂಬಿವಲಿ ಪೂರ್ವದಲ್ಲಿ ಸ್ವಂತ ಹೋಟೆಲು ಮಾಡಿದ ಮೇಲೂ ಅವನ ಕೈ ತಣ್ಣಗಾಗಲಿಲ್ಲ. ಹೆಂಡತಿ ಶ್ರೀಮತಿಗೆ ಎಡಗಿವಿ ಕೇಳುವುದಿಲ್ಲ. ಕೇಳಿದವರಿಗೆ ಅವಳು ಚಿಕ್ಕಂದಿನ ಜ್ವರ ಎನ್ನುತ್ತಾಳೆ. ಅದು ಜ್ವರವಲ್ಲ ಎಂದು ಒಬ್ಬಳೇ ಮಗಳು ದಿಶಾಳಿಗೆ ಗೊತ್ತು, ಏಕೆಂದರೆ ಆ ಏಟು ಬಿದ್ದಾಗ ಅವಳು ಅದೇ ಕೋಣೆಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಮಗಳ ಮೇಲೆ ಮಾತ್ರ ದೇಜಪ್ಪ ಒಂದು ದಿನವೂ ಕೈ ಎತ್ತಲಿಲ್ಲ. ಅವಳೆಂದರೆ ಅವನಿಗೆ ಜೀವ. ಅವಳಿಗೆ ಜ್ವರ ಬಂದರೆ ಹೋಟೆಲಿನ ಶಟರ್ ಎಳೆದು ಮನೆಯಲ್ಲಿ ಕೂರುವ ಗಂಡಸು ಅವನು.

ದಿಶಾ ಮದುವೆಯಾದ ಮಯೂರ್ ಇಲ್ಲೇ ಹುಟ್ಟಿ ಬೆಳೆದವನು. ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. ಸಿವಿಲ್ ಇಂಜಿನಿಯರಿಂಗ್ ಓದಿ, ಬಿಲ್ಡರ್ ಹತ್ತಿರದ ನೌಕರಿ ಬಿಟ್ಟು, ಗುಡ್ಡಗಳಲ್ಲಿ ಜನ ನಡೆದಾಡುವ ದಾರಿ ಕಟ್ಟುವ ಕಾಂಟ್ರಾಕ್ಟ್ ಹಿಡಿಯಲು ಶುರುಮಾಡಿದ. ಕಲ್ಲಿನ ಮೆಟ್ಟಿಲು, ಮಳೆನೀರು ಹೋಗಲು ಅಡ್ಡಚರಂಡಿ, ಇಳಿಜಾರಿನಲ್ಲಿ ಕೈಕಂಬಿ, ದಣಿದವರಿಗೆ ಕಲ್ಲಿನ ಬೆಂಚು. "ಗುಡ್ಡ ಹತ್ತಲಿಕ್ಕೆ ದಾರಿ ಎಂತಕ್ಕೆ, ಕಾಲಿಲ್ಲವಾ ಜನರಿಗೆ?" ಎಂದು ದೇಜಪ್ಪ ಗೇಲಿ ಮಾಡಿದ್ದುಂಟು. ಆದರೆ ಘಣಸೋಲಿಯ ಹಿಂದಿನ ಗುಡ್ಡಕ್ಕೆ ದೊಡ್ಡ ದಾರಿಯೊಂದು ಮಂಜೂರಾಗಿ, ಆ ಕೆಲಸ ಅಳಿಯನಿಗೆ ಸಿಕ್ಕಿದಾಗ ಹೋಟೆಲಿನಲ್ಲಿ ಎಲ್ಲರಿಗೂ ರವೆಯ ಸಿಹಿ ಕ್ಷೀರ ಹಂಚಿದವನೂ ಅವನೇ.

ಇಂಥ ಕೆಲಸಕ್ಕೆ ಪಾಲಿಕೆಯವರು ಜಾಮೀನು ಕೇಳುತ್ತಾರೆ. ಹಿಂದೆ ಬ್ಯಾಂಕಿನವರು ಕೊಡುತ್ತಿದ್ದರು, ಈಚೆಗೆ ವಿಮಾ ಕಂಪನಿಗಳೂ ಶ್ಯೂರಿಟಿ ಬಾಂಡ್ ಎಂದು ಕೊಡುತ್ತವೆ. ಕಾಂಟ್ರಾಕ್ಟರ್ ಕೆಲಸ ಮುಗಿಸುತ್ತಾನೆ ಎಂದು ಕಂಪನಿ ನಿಲ್ಲುತ್ತದೆ. ಕಂಪನಿಗೆ ಧೈರ್ಯ ಬರಲು ಮನೆಯ ಹಿರಿಯರೊಬ್ಬರು ಅದರ ಹಿಂದೆ ನಿಂತು ಸಹಿ ಹಾಕಬೇಕು. ಆ ಸಹಿಗಾಗಿ ಕಂಪನಿಯ ಠಾಣೆ ಪಟ್ಟಣದ ಆಫೀಸಿನಿಂದ ಅಪರ್ಣಾ ಎಂಬ ಹೆಂಗಸು ಡೊಂಬಿವಲಿಗೆ ಬಂದಳು. ಬೆಂಗಳೂರಿನವಳು, ಅಚ್ಚುಕಟ್ಟಿನ ಮನುಷ್ಯಳು.

"ಸರ್, ಸಹಿ ಮಾಡೋಕ್ ಮುಂಚೆ ಇದನ್ನ ಒಂದ್ಸಲ ಓದಿ ಹೇಳ್ತೀನಿ. ಕಾಂಟ್ರಾಕ್ಟರ್‌ಗೆ ಕೆಲಸ ಮುಂದುವರಿಸೋಕೆ ಆಗ್ದೇ ಹೋದ್ರೆ ಏನಾಗುತ್ತೆ ಅಂತ..."

"ಆಗದೆ ಹೋಗುದು ಅಂತ ಇಲ್ಲ ಮೇಡಂ," ಎಂದ ದೇಜಪ್ಪ. "ನಾನು ನಿಂತ ಮೇಲೆ ಅದೆಲ್ಲ ಓದುದು ಎಂತಕ್ಕೆ? ಕಾಫಿ ಕುಡಿಯಿರಿ."

ಅವಳು ಕಾಗದ ತಿರುವುವಷ್ಟರಲ್ಲಿ ಅವನು ಒಂದು ಲೋಟ ತರಿಸಿ, ಅರ್ಧ ಬಗ್ಗಿಸಿ ಮಯೂರನ ಕೈಗೆ ಕೊಟ್ಟಾಗಿತ್ತು. ಕಾಫಿ ಮುಗಿದದ್ದೇ ತಡ, ಪರಪರನೆ ಸಹಿ ಹಾಕಿದ. ಎದುರಿಗಿದ್ದವಳು ಓದಲು ಹೊರಟ ಪುಟದಲ್ಲೇ ಅವನಿಗೆ ಬೇಕಾದ ಮಾತಿತ್ತು. ಆದರೆ ಪದ್ಧತಿ ಎಂದರೆ ಪದ್ಧತಿ.

ದಿಶಾ ಅಪ್ಪನನ್ನು ಪಾತ್ರೆ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋದಳು.

"ಪಪ್ಪ, ನೀವು ನಿಂತ್ರಿ, ಠೀಕ್ ಹೈ. ಲೇಕಿನ್ ನಂಗೊಂದು ಪ್ರಾಮಿಸ್ ಬೇಕು. ಏನೇ ಆದ್ರೂ ಮಯೂರ್ ಮೇಲೆ ಕೈ ಎತ್ತಬಾರ್ದು. ಎತ್ತಿದ್ರೆ ನಾನು ನಿಮ್ಮ ಮಗಳಲ್ಲ. ಅಮ್ಮನ ಕಿವಿ ನಾನು ಮರ್ತಿಲ್ಲ."

"ಅಳಿಯ ಮಾರಾಯ್ತಿ ಅವ. ಅಳಿಯನಿಗೆ ಯಾರಾದ್ರೂ ಹೊಡೀತಾರಾ?"

"ಪ್ರಾಮಿಸ್ ಮಾಡಿ."

ದೇಜಪ್ಪ ಮಗಳ ತಲೆ ಮುಟ್ಟಿ ಮಾತು ಕೊಟ್ಟ. ಕೊಡುವಾಗ ಅವನಿಗೆ ನಗು ಬಂದಿತ್ತು, ಸ್ವಲ್ಪ ಹೆದರಿಕೆಯೂ ಆಗಿತ್ತು. ಮಗಳ ಮಾತು ಕಲ್ಲಿನ ಮೇಲೆ ಕೆತ್ತಿದಂತೆ ಎಂದು ಅವನಿಗೆ ಗೊತ್ತಿತ್ತು. ಆ ಗುಣ ಅವನದ್ದೇ.

ಚಳಿಗಾಲದಲ್ಲಿ ಕೆಲಸ ಶುರುವಾಯಿತು. ಮಳೆಗಾಲದೊಳಗೆ ದಾರಿ ಗುಡ್ಡದ ತುದಿ ಮುಟ್ಟಬೇಕಿತ್ತು. ಒಂದು ಭಾನುವಾರ ದೇಜಪ್ಪ ಹೋಗಿ ಹತ್ತಿ ನೋಡಿ ಬಂದ. ಕರಿಕಲ್ಲಿನ ಮೆಟ್ಟಿಲುಗಳು ಒಂದಕ್ಕೊಂದು ಹಲ್ಲು ಕಚ್ಚಿದ ಹಾಗೆ ಕೂತಿದ್ದವು. ಮುದುಕರು ನಿಂತು ಉಸಿರು ತೆಗೆದುಕೊಳ್ಳಲಿ ಎಂದೇ ಮಯೂರ್ ತಿರುವುಗಳನ್ನು ಅಗಲ ಬಿಟ್ಟಿದ್ದ. ಮರುದಿನ ಗಲ್ಲಾಕ್ಕೆ ಬಂದವರಿಗೆಲ್ಲ ಅದೇ ಪುರಾಣ. ಕೇಳಿ ಕೇಳಿ ಹಾಲಿನವನೂ ಸುಸ್ತಾದ.

ಮುಕ್ಕಾಲು ಕೆಲಸ ಮುಗಿದಾಗ ಗುಡ್ಡದ ಮೇಲೆ ರಕ್ತ ಬಿತ್ತು. ಕದ್ದು ಗುಡ್ಡ ಅಗೆದು, ರಸ್ತೆಗೆ ಹಾಸುವ ಮುರುಮು ಮಣ್ಣನ್ನು ಟ್ರಕ್ಕಿನಲ್ಲಿ ಸಾಗಿಸುವ ಒಂದು ಗುಂಪಿತ್ತು. ಹೊಸ ದಾರಿ ಅವರ ಟ್ರಕ್ಕಿನ ಹಾದಿಯನ್ನು ಅಡ್ಡ ಕತ್ತರಿಸುತ್ತಿತ್ತು. ಮಧ್ಯಾಹ್ನ ಕೆಲಸದವರು ನೆರಳಿನಲ್ಲಿ ಭಾಕರಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದಾಗ ಅವರು ಹಾರೆ, ಸರಳು ಹಿಡಿದು ಬಂದರು. ಮಾತಿಲ್ಲ, ಕಥೆಯಿಲ್ಲ. ಒಬ್ಬನ ಮೊಣಕಾಲಿನ ಚಿಪ್ಪು ಒಡೆಯಿತು. ಕಲ್ಲು ಹೊರುವ ಚಂದ್ರಬಾಯಿ ಎಂಬ ಹೆಂಗಸಿನ ಮುಂಗೈಯನ್ನು ಬಂಡೆಯ ಮೇಲಿಟ್ಟು ಬೂಟಿನಿಂದ ತುಳಿದರು. ಬಿಡಿಸಲು ಹೋದ ಮಯೂರನ ಬೆನ್ನಿಗೆ ಸರಳು ಬಿತ್ತು. ಹೋಗುವಾಗ ಸಾಮಾನನ್ನೆಲ್ಲ ಕಣಿವೆಗೆ ಎಸೆದು, ಮತ್ತೆ ಕಂಡರೆ ಹೂತುಬಿಡುತ್ತೇವೆ ಎಂದು ಹೇಳಿ ಹೋದರು.

ಚಂದ್ರಬಾಯಿಯ ಕೈಗೆ ಪ್ಲಾಸ್ಟರ್ ಹಾಕಿಸುವಾಗ ಮಯೂರ್ ಒಂದು ತೀರ್ಮಾನಕ್ಕೆ ಬಂದ. ವಾಯುವಿಹಾರದ ದಾರಿಗಾಗಿ ಯಾರೂ ಸಾಯಬೇಕಾಗಿಲ್ಲ. ಪೊಲೀಸರಿಗೆ ದೂರು ಕೊಟ್ಟ, ನಡೆದದ್ದನ್ನು ಕಂಪನಿಗೂ ಬರೆದ. ಬಾಂಡ್ ಇರುವುದು ಇಂಥ ದಿನಕ್ಕೇ ತಾನೆ. ಕಾಂಟ್ರಾಕ್ಟರಿಗೆ ಆಗದಿದ್ದರೆ ಕಂಪನಿಯೇ ಬೇರೆ ತಂಡ ತಂದು, ಪೊಲೀಸ್ ಕಾವಲಿನಲ್ಲಿ ಕೆಲಸ ಮುಗಿಸುತ್ತದೆ. ಮಯೂರ್ ಮಾಡಬೇಕಾದದ್ದು ಒಂದೇ, ಬಂದವರಿಗೆ ಜಾಗ ತೋರಿಸಿ, ಆದ ಕೆಲಸ ಅಳೆದು ಒಪ್ಪಿಸುವುದು. ಅಪರ್ಣಾ ಒಪ್ಪಿದಳು, ತಂಡವೂ ಗೊತ್ತಾಯಿತು.

ಇದನ್ನು ಅವನು ಮಾವನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಮಾವ ಒಬ್ಬನೇ ಗುಡ್ಡಕ್ಕೆ ಹೋಗಿ ಯಾರನ್ನಾದರೂ ಕೊಲ್ಲುತ್ತಾನೆ, ಇಲ್ಲವೇ ತಾನು ಸಾಯುತ್ತಾನೆ ಎಂಬ ಹೆದರಿಕೆ ಅವನಿಗೆ. ಪಾಪ, ಮಾವನ ಮೇಲಿನ ಪ್ರೀತಿಯೇ ಅವನಿಗೆ ಮುಳುವಾಯಿತು.

ಸುದ್ದಿ ತಂದವಳು ಅಪರ್ಣಾ. ಹಿಂದೆ ನಿಂತು ಸಹಿ ಹಾಕಿದವರಿಗೆ ತಿಳಿಸಬೇಕಾದದ್ದು ಅವಳ ಕೆಲಸ. ಊಟದ ಹೊತ್ತು, ಹೋಟೆಲು ಗಿಜಿಗುಟ್ಟುತ್ತಿತ್ತು.

"ಸರ್, ಮಯೂರ್ ಅವ್ರು ಕೆಲಸ ನಿಲ್ಸಿದಾರೆ. ಅದರ ಬಗ್ಗೆ ನಿಮ್ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

ಪಕ್ಕದ ಟೇಬಲಿನಲ್ಲಿ ಊಟ ಮಾಡುತ್ತಿದ್ದ ಇನ್ನೊಂದು ಹೋಟೆಲಿನ ಧಣಿ ತಲೆ ಎತ್ತಿದ. "ಎಂತ ದೇಜಪ್ಪಣ್ಣ, ಊರವರನ್ನೆಲ್ಲ ಎಳೆದು ತಂದಿರಿ, ಈಗ ಅಳಿಯನೇ ಓಡಿದನಾ?" ಎಂದು ಸಾರಿನ ಬಟ್ಟಲು ಬಾಯಿಗಿಟ್ಟು ನಕ್ಕ. ಅಕ್ಕಪಕ್ಕದವರೂ ನಕ್ಕರು.

ದೇಜಪ್ಪನ ಕಿವಿಯಲ್ಲಿ ಗುಂಯ್ ಎಂದಿತು. ಅಪರ್ಣಾ ಇನ್ನೂ ಏನೋ ಹೇಳುತ್ತಿದ್ದಳು. ಅವನು ಗಲ್ಲಾದಿಂದ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಇನ್ನೆರಡು ಮಾತು ಕೇಳುವಷ್ಟು ತಾಳ್ಮೆ ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ಎಲ್ಲರೂ ಮಜ್ಜಿಗೆ ಕುಡಿದು ಏಳುತ್ತಿದ್ದರು.

ಕಾಮೋಠೆಯ ತನ್ನ ಫ್ಲ್ಯಾಟಿನಲ್ಲಿ ಮಯೂರ್ ಒಬ್ಬನೇ ಇದ್ದ. ದಿಶಾ ಕೆಲಸಕ್ಕೆ ಹೋಗಿದ್ದಳು. ಬಾಗಿಲು ತೆರೆದದ್ದೇ ದೇಜಪ್ಪ ಅಳಿಯನ ಕಾಲರ್ ಹಿಡಿದ. ಅಂಗಿಯ ಗುಂಡಿ ಹಾರಿತು. ಲಿಫ್ಟಿನಲ್ಲಿದ್ದ ನೆರೆಯವರು ಮುಖ ತಿರುಗಿಸಿದರು. ಕಾರಿನಲ್ಲಿ ಘಣಸೋಲಿ ತಲುಪುವವರೆಗೆ ಮಯೂರ್ ಹೇಳಲು ನೋಡುತ್ತಲೇ ಇದ್ದ. ದೇಜಪ್ಪ ಪ್ರತಿಸಲವೂ ಬಾಯಿ ಮುಚ್ಚು ಎಂದ. ಕೈ ಮಾತ್ರ ಎತ್ತಲಿಲ್ಲ. ಮಗಳಿಗೆ ಕೊಟ್ಟ ಮಾತು ಅಲ್ಲಿಯವರೆಗೂ ಅವನ ನೆನಪಿನಲ್ಲಿತ್ತು, ಅದನ್ನು ಒಪ್ಪಲೇಬೇಕು. ಎಳೆದು ತಂದು ನಿಲ್ಲಿಸಿದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದುಕೊಂಡಿದ್ದ.

ಮೆಟ್ಟಿಲು ಮುಗಿಯುವ ಕಡೆ, ಅರ್ಧ ಕೂತ ಕಲ್ಲುಗಳ ನಡುವೆ ಇಬ್ಬರೂ ನಿಂತರು. ಮಣ್ಣಿನಲ್ಲಿ ಒಣಗಿದ ರಕ್ತದ ಕಲೆ ಇನ್ನೂ ಇತ್ತು. ಕಣಿವೆಗೆ ಬೀಳದೆ ಉಳಿದ ಒಂದು ಪಿಕ್ಕಾಸು, ಪಕ್ಕದಲ್ಲಿ ಕಳಚಿದ ಅದರ ಹಿಡಿ ಬಿದ್ದಿದ್ದವು.

"ಕಲ್ಲು ಎತ್ತು."

"ಮಾವ, ಸುನಿಯೇ ತೋ. ಕಂಪನಿಯವರಿಗೆ ಎಲ್ಲ ಹೇಳಿ ಆಗಿದೆ. ದೂಸರಾ ಟೀಮ್ ಬರ್ತದೆ."

"ಬೇರೆಯವ ಯಾಕೆ ಬರುದು? ನಿಂತದ್ದು ನಾನು. ಮಾಡುವವ ನೀನು. ಎತ್ತು."

"ನಂಗೆ ಆಗುದಿಲ್ಲ ಮಾವ. ಲೋಗ್ ಮರ್ ಜಾಯೇಂಗೆ, ಜನ ಸಾಯ್ತಾರೆ. ನಾನು ಎತ್ತುದಿಲ್ಲ."

ಎತ್ತುವುದಿಲ್ಲ. ಅವನೆದುರು ಯಾರೂ ಹೇಳದ ಮಾತು. ಪಿಕ್ಕಾಸಿನ ಹಿಡಿ ದೇಜಪ್ಪನ ಕೈಗೆ ಯಾವಾಗ ಬಂತೋ. ಮೊದಲ ಏಟಿಗೆ ಮಯೂರ್ ಬಲಗೈ ಅಡ್ಡ ಹಿಡಿದ, ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿತು. ಅದು ಸಾಕಾಗಿತ್ತು. ಯಾರಿಗಾದರೂ ಸಾಕಾಗುತ್ತಿತ್ತು. ದೇಜಪ್ಪ ಮತ್ತೆ ಹೊಡೆದ, ಹೆಗಲಿಗೆ, ಪಕ್ಕೆಗೆ, ಬಗ್ಗಿದ ಬೆನ್ನಿಗೆ. ಅವನ ಕಣ್ಣಿಗೆ ಕಾಣುತ್ತಿದ್ದುದು ಅಳಿಯನಲ್ಲ, ಸಾರು ಕುಡಿಯುತ್ತಾ ನಕ್ಕ ಆ ಬಾಯಿ. ಮಯೂರ್ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ತಾನೇ ಕಟ್ಟಿದ ಮೆಟ್ಟಿಲಿನಿಂದ ಜಾರಿ, ತಿರುವಿನವರೆಗೂ ಉರುಳಿಕೊಂಡು ಹೋದ. ತೊಡೆ ವಿಚಿತ್ರವಾಗಿ ಮಡಚಿಕೊಂಡಿತ್ತು. ಅವನ ಕೂಗು ಕೇಳಿದ ಮೇಲೆ ದೇಜಪ್ಪ ಕೋಲು ಬಿಟ್ಟ.

ಅಳಿಯನನ್ನು ಬೆನ್ನ ಮೇಲೆ ಹೊತ್ತು ಅವನೇ ಗುಡ್ಡ ಇಳಿದ. ಅಳುತ್ತಾ ಇಳಿದ. ಅತ್ತನೆಂದು ಕನಿಕರ ತೋರಿಸುವ ಅಗತ್ಯವೇನೂ ಇಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಅಪರ್ಣಾ ಸಿಕ್ಕಿದಳು. ಓದಲು ಬಿಡದಿದ್ದ ಮಾತನ್ನು ಈಗ ಹೇಳಿದಳು. "ಸರ್, ಮಯೂರ್ ಓಡಿ ಹೋಗಿರ್ಲಿಲ್ಲ. ಬೇರೆ ಟೀಮು ಸೋಮವಾರ ಬರೋದಿತ್ತು. ನಿಮ್ ಹೆಸರಿಗೂ ಏನೂ ಆಗ್ತಿರ್ಲಿಲ್ಲ. ಮಯೂರ್ ಬಂದು ಟೀಮಿಗೆ ಜಾಗ ತೋರಿಸಿದ್ರೆ ಮುಗೀತಿತ್ತು."

ದೇಜಪ್ಪ ಗೋಡೆ ಹಿಡಿದು ಕೂತ. ಒಳಗೆ ಮಯೂರ್ ಪೊಲೀಸರ ಮುಂದೆ ಹೇಳಿಕೆ ಕೊಡುತ್ತಿದ್ದ. ಹೊಡೆದವರು ಮುರುಮಿನವರು ಎಂದು ಹೇಳುತ್ತಿದ್ದ. ದಿಶಾ ಪಕ್ಕದಲ್ಲಿದ್ದಳಲ್ಲ. ನಿಜ ಹೇಳಿದರೆ ಅವಳಿಗೆ ಅಪ್ಪ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಎಲ್ಲರೂ ನಂಬಿದರು. ನಂಬಲು ಕಷ್ಟವೇನಿತ್ತು, ಅವರು ಮೊದಲೇ ಹೊಡೆದವರು. ದೇಜಪ್ಪ ಬಾಯಿ ಬಿಡಲಿಲ್ಲ. ಸಾಂಬಾರು ಸುರಿದ ಧೀರ ಅಂದು ಅಳಿಯನ ಸುಳ್ಳಿನ ಹಿಂದೆ ಅಡಗಿ ಕೂತ.

ಎರಡು ದಿನ ಕಳೆದು ಪೊಲೀಸರು ಅವನನ್ನು ಪೊಲೀಸ್ ಸ್ಟೇಷನ್ನಿಗೆ ಕರೆಸಿದರು. ಹರೇಶ್ ಎಂಬ ಟ್ರಕ್ ಡ್ರೈವರನ್ನು ಹಿಡಿದಿದ್ದರು. ಚಂದ್ರಬಾಯಿಯ ಕೈ ತುಳಿದವನು ಅವನೇ, ಆ ಮಟ್ಟಿಗೆ ಪಾಪಿಯೇ. ಅಳಿಯನನ್ನು ಹೊಡೆದವನೂ ಇವನೇ ಎಂದು ದೇಜಪ್ಪ ಬೆರಳು ತೋರಿಸಬೇಕು, ಅಷ್ಟೇ. ಹೊರಗಿನ ಬೆಂಚಿನಲ್ಲಿ ಕೂತವನಿಗೆ ಒಳಗಿನ ಸದ್ದು ಕೇಳುತ್ತಿತ್ತು. ಬೆಲ್ಟು ಬಿದ್ದ ಸದ್ದು, ಲಾಠಿ ಬಿದ್ದ ಸದ್ದು, ನಡುವೆ ನೀರು ಎರಚಿದ ಸದ್ದು. ಮಯೂರನನ್ನು ಮುಟ್ಟಿಲ್ಲ, ದೇವರಾಣೆ ಮುಟ್ಟಿಲ್ಲ ಎಂದು ಹರೇಶ್ ಮರಾಠಿಯಲ್ಲಿ ಕಿರುಚುತ್ತಿದ್ದ. ಅವನನ್ನು ಬಿಟ್ಟರೆ ಅದು ನಿಜ ಎಂದು ಗೊತ್ತಿದ್ದವನು ಆ ಕಟ್ಟಡದಲ್ಲಿ ದೇಜಪ್ಪನೊಬ್ಬನೇ.

ಜೀವಮಾನದಲ್ಲಿ ಅವನು ಏಟು ಕೊಟ್ಟಿದ್ದ, ಹೀಗೆ ಗೋಡೆಯ ಈಚೆ ಕೂತು ಕೇಳಿರಲಿಲ್ಲ. ತಡೆಯಲಾಗದೆ ಎದ್ದು ಬಾಗಿಲು ತಳ್ಳಿದ.

"ಸಾಹೇಬ್, ತ್ಯಾಲಾ ಸೋಡಾ," ಎಂದ. "ಮೀ ಮಾರ್ಲಂ." ಅವನನ್ನು ಬಿಡಿ, ಹೊಡೆದದ್ದು ನಾನು.

ಇನ್ಸ್‌ಪೆಕ್ಟರ್ ನಂಬಲಿಲ್ಲ. ತಲೆ ಕೆಟ್ಟಿದೆಯಾ ಅಜ್ಜ, ಮನೆಗೆ ಹೋಗು ಎಂದ. ದೇಜಪ್ಪ ಕಾಮೋಠೆಯ ಲಿಫ್ಟಿನಿಂದ ಹಿಡಿದು ಪಿಕ್ಕಾಸಿನ ಹಿಡಿಯವರೆಗೆ ಒಂದೂ ಬಿಡದೆ ಹೇಳಿದ. ಕೋಲು ಎಲ್ಲಿ ಬಿದ್ದಿದೆ ಎಂದೂ ಹೇಳಿದ. ಹರೇಶನ ತುಟಿ ಒಡೆದು, ಒಂದು ಕಣ್ಣು ಊದಿ ಮುಚ್ಚಿತ್ತು. ಅವನು ಗೋಡೆ ಹಿಡಿದು ಎದ್ದು ಬಂದು, ಬಾಯಿಯ ರಕ್ತ ಉಗುಳಿ, ದೇಜಪ್ಪನ ಕೆನ್ನೆಗೆ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಾರಿಸಿದ. ಇನ್ನೊಮ್ಮೆ ಬಾರಿಸಿದ. ಪೊಲೀಸರು ನೋಡುತ್ತಾ ನಿಂತರು. ದೇಜಪ್ಪ ಕೈ ಎತ್ತಲಿಲ್ಲ. ಕನ್ನಡಕ ಕೆಳಗೆ ಬಿದ್ದರೂ ಬಗ್ಗಿ ಹೆಕ್ಕಲಿಲ್ಲ.

ಅವನ ಮೇಲೆ ಕೇಸಾಯಿತು. ಕೆಲವು ದಿನ ಒಳಗಿದ್ದು ಹೊರಗೆ ಬಂದ. ಮಯೂರ್ ಜಾಗ ಒಪ್ಪಿಸಲಾಗದೆ ಆದ ನಷ್ಟ ಕಟ್ಟಿಕೊಡಿ ಎಂದು ಕಂಪನಿಯ ನೋಟೀಸು ಬಂತು, ಅದನ್ನು ಕಟ್ಟಲು ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟ. ನಕ್ಕಿದ್ದ ಆ ಧಣಿಯೇ ತೆಗೆದುಕೊಂಡ. ಇದ್ಯಾವುದೂ ಅವನಿಗೆ ಚುಚ್ಚಲಿಲ್ಲ. ಅವನು ಕಾದು ಕೂತಿದ್ದುದು ಕಾಮೋಠೆಯಿಂದ ಬರುವ ಒಂದು ಫೋನಿಗೆ. ದಿಶಾ ಮಾಡಲಿಲ್ಲ. ಮಳೆ ಹಿಡಿದ ಮೇಲೆ ಮಯೂರನೇ ಮಾಡಿದ.

"ಮಾವ, ಒಮ್ಮೆ ಬನ್ನಿ. ನೀವು ಬರ್ತೀರಿ ಅಂತ ನಾನು ದಿಶಾಗೆ ಹೇಳಿದ್ದೇನೆ."

ದೇಜಪ್ಪ ಶ್ರೀಮತಿಯೊಡನೆ ಹೋದ. ದಿಶಾ ಬಾಗಿಲು ತೆಗೆದು, ಅಮ್ಮನನ್ನು ಅಡುಗೆಮನೆಗೆ ಕಳಿಸಿ, ಅಪ್ಪನನ್ನು ಒಳಗಿನ ಕೋಣೆಗೆ ಬಿಟ್ಟಳು. ಮಯೂರ್ ಹಾಸಿಗೆಯಲ್ಲಿದ್ದ. ತೊಡೆಗೆ ಸರಳು ಹಾಕಿದ್ದರು, ಬಲಗೈ ಇನ್ನೂ ಪಟ್ಟಿಯಲ್ಲಿತ್ತು. ನಗುತ್ತಲೇ ಬರಮಾಡಿಕೊಂಡ.

"ಕೂತ್ಕೊಳ್ಳಿ ಮಾವ. ಜೋ ಹುವಾ ಸೋ ಹುವಾ, ಆದದ್ದು ಆಯ್ತು. ನನ್ನ ಮನಸ್ಸಲ್ಲಿ ಏನೂ ಇಲ್ಲ, ಸಚ್ಚೀ."

ಈ ಸಲ ಅವನು ಸುಳ್ಳು ಹೇಳಲಿಲ್ಲ. ಮನಸ್ಸಿನಿಂದಲೇ ಹೇಳಿದ. ಹೊಸ ತಂಡದವರು ದಾರಿಯನ್ನು ಗುಡ್ಡದ ತುದಿ ಮುಟ್ಟಿಸಿದ್ದನ್ನು, ಜನ ಆಗಲೇ ಬೆಳಿಗ್ಗೆ ನಡೆಯಲು ಬರುತ್ತಿರುವುದನ್ನು ಖುಷಿಯಿಂದ ಹೇಳಿದ. ದೇಜಪ್ಪನಿಗೆ ಕಣ್ಣು ತುಂಬಿತು. ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿ ಮಗಳ ಮುಖ ನೋಡಿದ. ಅವಳ ಮುಖವೂ ತುಸು ಸಡಿಲವಾಗಿತ್ತು.

ಫ್ಯಾನಿನ ಗಾಳಿಗೆ ಹೊದಿಕೆ ಮಯೂರನ ಕಾಲಿನಿಂದ ಜಾರಿತು. ಅದನ್ನು ಮೇಲಕ್ಕೆ ಎಳೆಯಲು ದೇಜಪ್ಪ ಎದ್ದು ಕೈ ಚಾಚಿದ.

ಮಯೂರ್ ಮಾತಾಡುತ್ತಲೇ ಇದ್ದ, ಕೈಕಂಬಿಗೆ ಬಳಿದ ಬಣ್ಣದ ವಿಷಯ. ಮಾತು ಮುಗಿಯುವ ಮೊದಲೇ ಅವನ ಪಟ್ಟಿ ಕಟ್ಟಿದ ಕೈ ಚಂಗನೆ ಮೇಲೆದ್ದು ತಲೆಯನ್ನು ಮುಚ್ಚಿಕೊಂಡಿತು. ಮೈ ಮುದುಡಿ ಗೋಡೆಗೆ ಒತ್ತಿತು. ಸರಳು ಹಾಕಿದ ಕಾಲು ಎಳೆದು ನೋವಿಗೆ ಚೀರಿದ. ಆಮೇಲೆ ಕೈಯ ಸಂದಿಯಿಂದ ನೋಡಿ, ನಾಚಿಕೆಯಿಂದ ಕೈ ಇಳಿಸಿದ.

"ಸಾರಿ ಮಾವ," ಎಂದ.

ದೇಜಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ದಿಶಾ ನಡುವೆ ಬಂದು ಹೊದಿಕೆ ಸರಿಮಾಡಿ, ಗಂಡನ ಬೆವರು ಒರೆಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಪಪ್ಪ, ಇನ್ನು ಬರಬೇಡಿ," ಎಂದಳು.

ಆಯಿತು ಎಂದು ಅವನು ಚಪ್ಪಲಿ ಹುಡುಕಿಕೊಂಡು ಮೆಟ್ಟಿಲು ಇಳಿದ.